ಇರುಳ ಕಾಡು, ಇಟ್ಟ ಬೆಳಕು

ಪ್ರಾಣಿ ಎದುರಿಗೆ ಬಂದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನ ಹೆಸರಿನಲ್ಲಿರುವ ‘ಟ್ರ್ಯಾಪ್’ ಎಂಬ ಪದಕ್ಕೆ ಬೋನು, ಉರುಳು ಎಂಬ ಅರ್ಥಗಳಿದ್ದರೂ, ಈ ಸಾಧನದಿಂದ ತೆಗೆದ ಚಿತ್ರಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಆ ಅರ್ಥವನ್ನು ಮರೆತು, ಮನುಷ್ಯನಿಲ್ಲದ ಕಾಡನ್ನು ಇದ್ದಂತೆಯೇ ತೋರಿಸುವ ನಿರ್ಲಿಪ್ತ ಕಣ್ಣೆಂದು ಅದನ್ನು ಬಣ್ಣಿಸುತ್ತಾರೆ. ಈ ಬಣ್ಣನೆ ಅರ್ಧ ಮಾತ್ರ ನಿಜ. ಪ್ರಾಣಿ ಬಂದ ಹೊತ್ತಿನಲ್ಲಿ ಮನುಷ್ಯ ಅಲ್ಲಿರುವುದಿಲ್ಲವೆಂಬುದು ದಿಟವಾದರೂ, ಅದು ಯಾವ ಜಾಗದಲ್ಲಿ ಸೆರೆಯಾಗಬೇಕು, ಅದರ ಮೈಯ ಯಾವ ಭಾಗಕ್ಕೆ ಬೆಳಕು ಬೀಳಬೇಕು, ಹಿಂದೆ ಏನು ಕಾಣಬೇಕು, ಏನು ಕತ್ತಲಲ್ಲಿ ಮುಳುಗಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಇರುಳಿನ ಚಿತ್ರದಲ್ಲಂತೂ ಬೆಳದಿಂಗಳು, ಬೀದಿದೀಪಗಳನ್ನು ಬಿಟ್ಟರೆ ಮಿಕ್ಕ ಬೆಳಕೆಲ್ಲ ಯಾರೋ ತಂದಿಟ್ಟದ್ದೇ. ಅಪರೂಪದ ಪ್ರಾಣಿ ಸಿಕ್ಕಿತೆಂಬ ಸಂತೋಷವನ್ನು ಬದಿಗಿಟ್ಟು, ಹಾಗೆ ತಂದಿಟ್ಟ ಬೆಳಕು ಆ ಜಾಗಕ್ಕೆ ಎಷ್ಟು ಸಲ್ಲುತ್ತದೆ ಎಂದು ಕೇಳಿಯೇ ಈ ಚಿತ್ರಗಳ ಬೆಲೆ ಕಟ್ಟಬೇಕಾಗುತ್ತದೆ.

ಈ ಪದ್ಧತಿ ಹುಟ್ಟಿದ್ದು ಬೇಟೆಯಿಂದ. ಅಮೆರಿಕದ ವಕೀಲ, ಮುಂದೆ ಅಲ್ಲಿನ ಸಂಸತ್ತಿನ ಸದಸ್ಯನೂ ಆದ ಜಾರ್ಜ್ ಷಿರಾಸ್ 1890ರ ದಶಕದಲ್ಲಿ ಸುಪೀರಿಯರ್ ಸರೋವರದ ಸೀಮೆಯಲ್ಲಿ, ದೋಣಿಯ ಮೂತಿಯಲ್ಲಿ ದೀಪವಿಟ್ಟುಕೊಂಡು ದಡದ ಜಿಂಕೆಗಳತ್ತ ಸದ್ದಿಲ್ಲದೆ ಸಾಗುವ ಅಲ್ಲಿಯ ಬೇಟೆಗಾರರ ಉಪಾಯವನ್ನೇ ಎತ್ತಿಕೊಂಡು, ಕೋವಿ ಇರಬೇಕಾದ ಕಡೆ ಕ್ಯಾಮೆರಾ ಇಟ್ಟ. ಆಮೇಲೆ ಪ್ರಾಣಿಯ ಕಾಲಿಗೆ ತಾಗುವ ದಾರವೇ ಕ್ಯಾಮೆರಾವನ್ನೂ ಬೆಳಕನ್ನೂ ಚಾಲೂ ಮಾಡುವಂತೆ ಅದನ್ನು ತಿದ್ದಿಕೊಂಡ. ಬೆಳಕಿಗೆ ಕಣ್ಣು ಕೋರೈಸಿ ಪ್ರಾಣಿ ನಿಂತುಬಿಡುತ್ತದೆಂಬ ತಿಳಿವಳಿಕೆಯೇ ಇಲ್ಲಿನ ಮೂಲ ಬಂಡವಾಳವಾಗಿದ್ದು, ತಲೆಗೆ ಬ್ಯಾಟರಿ ಕಟ್ಟಿಕೊಂಡು ಇರುಳಲ್ಲಿ ಮೊಲ, ಬರ್ಕಗಳನ್ನು ಹೊಡೆಯುವ ಮಲೆನಾಡಿನ ಶಿಕಾರಿಗೂ ಇದಕ್ಕೂ ಹೆಚ್ಚಿನ ದೂರವಿಲ್ಲ. 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಷಿರಾಸನ 74 ಚಿತ್ರಗಳನ್ನು ಒಟ್ಟಿಗೆ ಅಚ್ಚು ಹಾಕಿತು.

ಭಾರತದಲ್ಲಿ ಇದನ್ನು ಹುಲಿಗೆ ಹೊಂದಿಸಿದವನು ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್. ಅವನು ತೆಗೆದ ಕಾಡುಹುಲಿಗಳ ಇರುಳಿನ ಚಿತ್ರಗಳು 1925ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದರಲ್ಲಿ ಬಂದವು. 1927ರಲ್ಲಿ ‘ವಿತ್ ಎ ಕ್ಯಾಮೆರಾ ಇನ್ ಟೈಗರ್‌ಲ್ಯಾಂಡ್’ ಎಂಬ ಪುಸ್ತಕ ಹೊರಬಂತು. ಹುಲಿ ನಡೆಯುವ ದಾರಿಗೆ ಅಡ್ಡಲಾಗಿ ತಂತಿ ಎಳೆದು, ಅದರ ತುದಿಯನ್ನು ಗಾಜಿನ ಫಲಕದ ಕ್ಯಾಮೆರಾಕ್ಕೂ, ಭಗ್ಗೆಂದು ಉರಿದು ಬೆಳಕು ಕೊಡುವ ಮೆಗ್ನೀಸಿಯಮ್ ಪುಡಿಗೂ ಜೋಡಿಸುವ ಈ ಏರ್ಪಾಟಿನಲ್ಲಿ, ಪುಡಿ ಉರಿದದ್ದೂ ಫಲಕ ಬೆಳಕು ಕಂಡದ್ದೂ ಒಂದೇ ಸಲ. ಹುಲಿಗೆ ಮೊದಲು ಮುಳ್ಳುಹಂದಿ ತಂತಿ ಮುಟ್ಟಿದರೆ ಆ ರಾತ್ರಿಯ ಕೆಲಸ ಅಲ್ಲಿಗೆ ಮುಗಿಯಿತು. ಇಂಥ ಬಡತನವೇ ಚಾಂಪಿಯನ್ನನ ಚಿತ್ರಗಳ ಗುಣವೂ ಆಗಿದೆ. ಬೆಳಕು ಕ್ಯಾಮೆರಾದ ಮಗ್ಗುಲಿನಿಂದಲೇ ಬರುವುದರಿಂದ ಎದುರಿನ ಹುಲ್ಲಿನ ಎಸಳುಗಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಹಿಂದಿನ ಕಾಡು ಇದ್ದಿಲಿನಂತೆ ಕಪ್ಪಾಗಿ, ನಡುವೆ ಹೆಜ್ಜೆ ಹಾಕುತ್ತಿದ್ದ ಹುಲಿ ಮಾತ್ರ ಉಳಿಯುತ್ತದೆ. ಚೆಂದಗಾಣಿಸುವ ಯಾವ ಉಪಾಯವೂ ಅಲ್ಲಿಲ್ಲ, ಇದು ಮನುಷ್ಯ ಸಿಡಿಸಿದ ಬೆಳಕೆಂಬುದನ್ನು ಚಿತ್ರ ಬಚ್ಚಿಡುವುದೂ ಇಲ್ಲ. ಒಂದು ಹುಲಿಯ ಪಟ್ಟೆಗಳು ಇನ್ನೊಂದರಂತೆ ಇರುವುದಿಲ್ಲವಾದ್ದರಿಂದ ಚಿತ್ರದಿಂದಲೇ ಬಿಡಿಬಿಡಿಯಾಗಿ ಹುಲಿಗಳನ್ನು ಗುರುತಿಸಬಹುದೆಂದು ಚಾಂಪಿಯನ್ ಕಂಡುಕೊಂಡಿದ್ದ. ಕೋವಿಗೆ ಹೆಸರಾದ ಬೇಟೆಗಾರ ಜಿಮ್ ಕಾರ್ಬೆಟ್ ಕ್ಯಾಮೆರಾದ ಕಡೆ ತಿರುಗುವುದಕ್ಕೆ ಅವನ ಪ್ರಭಾವವೂ ಒಂದು ಕಾರಣ.

ಆ ಕಾಣ್ಕೆಯಿಂದ ಲೆಕ್ಕದ ವಿಜ್ಞಾನವನ್ನು ಕಟ್ಟಿದ್ದು ಕರ್ನಾಟಕದ ನಾಗರಹೊಳೆಯಲ್ಲಿ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಅಲ್ಲಿ ಕಾಡಿನ ದಾರಿಗಳ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾಗಳನ್ನು ಕಟ್ಟಿಸಿದರು; ಹುಲಿಯ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆಯಿಲ್ಲದಿರುವುದರಿಂದ, ಒಂದೇ ಬದಿಯ ಚಿತ್ರವಿದ್ದರೆ ಒಂದು ಹುಲಿಯನ್ನು ಎರಡೆಂದು ಎಣಿಸುವ ಅಪಾಯವಿತ್ತು. ಮೊದಲ ಸರದಿಯಲ್ಲಿ ಗುರುತಾದ ಹುಲಿಗಳಲ್ಲಿ ಎಷ್ಟು ಮುಂದಿನ ಸರದಿಗಳಲ್ಲಿ ಮತ್ತೆ ಸಿಕ್ಕವು ಎಂಬುದನ್ನು ನೋಡಿ, ಕ್ಯಾಮೆರಾಕ್ಕೆ ಸಿಗದೇ ಉಳಿದವುಗಳನ್ನೂ ಸೇರಿಸಿ ಅಂದಾಜು ಮಾಡುವ ಈ ಕ್ರಮವನ್ನು ‘ಸೆರೆ–ಮರುಸೆರೆ’ ವಿಧಾನವೆನ್ನಬಹುದು. ಅದುವರೆಗೆ ನಡೆದುಬಂದಿದ್ದ ಹೆಜ್ಜೆಗುರುತಿನ ಗಣತಿ ಎಷ್ಟು ಸಡಿಲವಾಗಿತ್ತೆಂಬುದು ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂದು 2005ರ ವೇಳೆಗೆ ಗೊತ್ತಾದಾಗ ದೇಶಕ್ಕೆ ಮನವರಿಕೆಯಾಯಿತು. 2018ರ ಅಖಿಲ ಭಾರತ ಹುಲಿ ಅಂದಾಜಿನಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಕಟ್ಟಿ ತೆಗೆದ 3,48,58,623 ಚಿತ್ರಗಳಲ್ಲಿ ಹುಲಿಯ ಚಿತ್ರಗಳು 76,651, ಎಂದರೆ ಸಾವಿರಕ್ಕೆ ಎರಡಕ್ಕಿಂತ ತುಸು ಹೆಚ್ಚು. ಮಿಕ್ಕವುಗಳಲ್ಲಿ ಬೇರೆ ಪ್ರಾಣಿಗಳು, ದನಕರು, ದಾರಿಹೋಕರು, ಗಾಳಿಗೆ ತೊನೆದ ಹುಲ್ಲು. ಯಾವ ಪ್ರದರ್ಶನಕ್ಕೂ ಹೋಗದ ಈ ರಾಶಿಯೇ ಭಾರತದ ಕಾಡಿನ ಅತ್ಯಂತ ಪ್ರಾಮಾಣಿಕ ಚಿತ್ರವೆಂದರೆ ಉತ್ಪ್ರೇಕ್ಷೆಯಾಗದು.

ಇಂದಿನ ಯಂತ್ರದಲ್ಲಿ ತಂತಿಯಿಲ್ಲ. ಎದುರಿನ ಜಾಗದ ಶಾಖದಲ್ಲಿ ಥಟ್ಟನೆ ಆಗುವ ಬದಲಾವಣೆಯನ್ನು, ಎಂದರೆ ಬಿಸಿಮೈಯ ಪ್ರಾಣಿಯೊಂದು ತಂಪು ಹಿನ್ನೆಲೆಯ ಮುಂದೆ ಹಾದುಹೋಗುವುದನ್ನು, ಅದರೊಳಗಿನ ಸಂವೇದಕ ಗ್ರಹಿಸುತ್ತದೆ. ಬೆಳಕು ಎರಡು ಬಗೆಯದು: ಬಣ್ಣವನ್ನೂ ಪಟ್ಟೆಯ ಅಂಚನ್ನೂ ಸ್ಪಷ್ಟವಾಗಿ ಹಿಡಿಯುವ, ಆದರೆ ಪ್ರಾಣಿಯ ಕಣ್ಣಿಗೆ ರಾಚುವ ಬಿಳಿ ಫ್ಲ್ಯಾಷ್, ಕಣ್ಣಿಗೆ ಕಾಣದ ಅಥವಾ ಮಂದ ಕೆಂಪಾಗಿ ಮಾತ್ರ ಕಾಣುವ, ಕಪ್ಪು ಬಿಳುಪಿನಲ್ಲಿ ತುಸು ಮಬ್ಬಾದ ಚಿತ್ರ ಕೊಡುವ ಇನ್‌ಫ್ರಾರೆಡ್. ಕಲೆಯ ದೃಷ್ಟಿಯಿಂದ ಎರಡನೆಯದನ್ನು ಕೀಳೆಂದು ತಳ್ಳಿಹಾಕುವ ರೂಢಿ ಅವಸರದ್ದು. ಕಬಿನಿಯ ಕರಿಚಿರತೆಯ ಹಗಲಿನ ಚಿತ್ರಗಳನ್ನು ನೋಡಿದವರಿಗೆ ಅದರ ಮೈ ನುಣ್ಣನೆಯ ಕಪ್ಪಾಗಿಯೇ ನೆನಪಿರುತ್ತದೆ; ಚಿರತೆಗಳು ಬಹುಪಾಲು ಕಪ್ಪಾಗಿಯೇ ಇರುವ ಮಲೇಷ್ಯಾದ ಪರ್ಯಾಯ ದ್ವೀಪದಲ್ಲಿ ಸಂಶೋಧಕರು ಕ್ಯಾಮೆರಾದ ಬೆಳಕಿನ ಸಂವೇದಕವನ್ನು ಮುಚ್ಚಿ, ಹಗಲಲ್ಲೂ ಇನ್‌ಫ್ರಾರೆಡ್ ಹೊತ್ತಿಕೊಳ್ಳುವಂತೆ ಮಾಡಿದಾಗ, ಆ ಕಪ್ಪಿನೊಳಗಿನಿಂದ ಒಂದೊಂದು ಚಿರತೆಗೂ ಬೇರೆಬೇರೆಯಾದ ಚುಕ್ಕೆಗಳ ಬಳಗ ಎದ್ದು ಬಂತು. ಬಣ್ಣದ ಚಿತ್ರ ಮುಚ್ಚಿಟ್ಟದ್ದನ್ನು ಬಣ್ಣವಿಲ್ಲದ ಚಿತ್ರ ತೋರಿಸಿಕೊಟ್ಟಿತು.

ಪ್ರಶಸ್ತಿಗಳ ಲೋಕದ ಹಾದಿ ಬೇರೆ. ಅಲ್ಲಿ ದೊಡ್ಡ ಕ್ಯಾಮೆರಾ, ಮೂರು ನಾಲ್ಕು ಫ್ಲ್ಯಾಷುಗಳು, ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಕಾಯುವ ತಾಳ್ಮೆ. ಲಡಾಖದ ಹೆಮಿಸ್‌ನಲ್ಲಿ ಸ್ಟೀವ್ ವಿಂಟರ್ ತೆಗೆದು 2008ರ ‘ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್’ ಪ್ರಶಸ್ತಿ ಗಳಿಸಿದ ಹಿಮಚಿರತೆಯ ಚಿತ್ರದಲ್ಲಿ, ಸುರಿಯುವ ಹಿಮದ ಒಂದೊಂದು ಚೂರೂ ಫ್ಲ್ಯಾಷಿಗೆ ಹೊಳೆದು, ಬೆಳಕೇ ಹವೆಯನ್ನು ತೋರಿಸುವ ಕೆಲಸ ಮಾಡುತ್ತದೆ. ಅದೇ ವಿಂಟರ್ 2013ರಲ್ಲಿ ಪ್ರಕಟಿಸಿದ, ಲಾಸ್ ಏಂಜಲಿಸ್‌ನ ಹಾಲಿವುಡ್ ಅಕ್ಷರಗಳ ಕೆಳಗೆ ಹಾದುಹೋಗುವ ಪ್ಯೂಮಾದ ಚಿತ್ರ ಇನ್ನೂ ಹೆಚ್ಚು ಜನಪ್ರಿಯವಾಯಿತಾದರೂ ಚಿತ್ರವಾಗಿ ಅದು ಸೋತಿದೆ: ಅಕ್ಷರಗಳು ಮೊದಲು, ಪ್ರಾಣಿ ಆಮೇಲೆ. ಮೈಮೇಲೆ ಬಿದ್ದ ಬೆಳಕು ಅದನ್ನು ಆ ಊರಿನ ಇನ್ನೊಬ್ಬ ನಟನನ್ನಾಗಿ ಮಾಡಿಬಿಡುತ್ತದೆ.

ಇದಕ್ಕೆ ಎದುರಾಗಿ ಇಡಬೇಕಾದದ್ದು ಮುಂಬಯಿಯ ಆರೆ ಕಾಲೊನಿಯಲ್ಲಿ ನಯನ್ ಖಾನೋಲ್ಕರ್ ತೆಗೆದು, 2016ರಲ್ಲಿ ಅದೇ ಸ್ಪರ್ಧೆಯ ನಗರ ವಿಭಾಗದಲ್ಲಿ ಗೆದ್ದ ‘ದಿ ಆ್ಯಲಿ ಕ್ಯಾಟ್’. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ತಾಗಿದ ವಸತಿಯ ಒಂದು ಇಕ್ಕಟ್ಟಾದ ಗಲ್ಲಿ, ಅದರಲ್ಲಿ ರಾತ್ರಿ ಬೀದಿನಾಯಿಗಳ ಆಸೆಗೆ ಬರುವ ಒಂದು ಚಿರತೆ: ವಿಷಯ ಇಷ್ಟೇ. ಆದರೆ ಖಾನೋಲ್ಕರ್ ತಮ್ಮ ಫ್ಲ್ಯಾಷುಗಳನ್ನು ಗಲ್ಲಿಯ ಮಾಮೂಲು ದೀಪಗಳ ಬೆಳಕನ್ನೇ ಹೋಲುವಂತೆ ಹೊಂದಿಸಿ, ಹಾದುಹೋಗುವ ಚಿರತೆ ಚೌಕಟ್ಟನ್ನು ಆಕ್ರಮಿಸದಂತೆ ಕ್ಯಾಮೆರಾ ಇಟ್ಟು, ನಾಲ್ಕು ತಿಂಗಳು ಕಾದರು. ಇದರಿಂದ ಚಿತ್ರದ ಅರ್ಥವೇ ಬದಲಾಗಿದೆ. ಕಪ್ಪು ಹಿನ್ನೆಲೆಯಲ್ಲಿ ಮುಖವೊಂದೇ ಬೆಳಗಿ ನಿಂತಿದ್ದರೆ ಇದೇ ಚಿರತೆ ಊರಿಗೆ ನುಗ್ಗಿದ ಕ್ರೂರಮೃಗವಾಗಿ, ಟಿವಿ ಸುದ್ದಿಯ ಭಾಷೆಗೆ ಒಗ್ಗಿಬಿಡುತ್ತಿತ್ತು. ಇಲ್ಲಿ ಅದು ಗಲ್ಲಿಯ ಪರಿಚಯವುಳ್ಳ ಪ್ರಾಣಿಯಂತೆ, ದಿನದ ಕೆಲಸಕ್ಕೆ ಹೊರಟಂತೆ ಕಾಣುತ್ತದೆ. ವಾಘೋಬನೆಂಬ ಹುಲಿ–ಚಿರತೆಯ ದೈವವನ್ನು ಪೂಜಿಸುತ್ತ ಬಂದಿರುವ ವಾರ್ಲಿ ಜನರ ನೆಲೆಯೂ ಅದೇ ಆಗಿರುವುದನ್ನು ತಿಳಿದವರಿಗೆ, ಹುಲಿದೈವ ಪಿಲಿಚಾಮುಂಡಿಯನ್ನು ಬಲ್ಲ ತುಳುನಾಡಿನವರಿಗಂತೂ, ಈ ನೋಟ ಹೊಸದೆನಿಸುವುದಿಲ್ಲ. ಬೆಳಕು ಜಾಗಕ್ಕೆ ಸಲ್ಲುವುದೆಂದರೆ ಇದು.

ಬೋನಿನಲ್ಲಿ ಮೋಸಕ್ಕೂ ಎಡೆಯಿದೆ. ಸಾಕ್ಷಿಯಿಲ್ಲದ ಕಡೆ ತೆಗೆದ ಚಿತ್ರದ ಸತ್ಯ ಪೂರ್ತಿಯಾಗಿ ತೆಗೆದವನ ಮಾತಿನ ಮೇಲೆ ನಿಲ್ಲುವುದರಿಂದ, 2009ರಲ್ಲಿ ‘ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್’ ಪ್ರಶಸ್ತಿ ಪಡೆದ, ಇರುಳಲ್ಲಿ ಬೇಲಿಯ ಗೇಟು ಹಾರುವ ತೋಳದ ಚಿತ್ರವನ್ನು, ಅದು ಪಳಗಿಸಿದ ತೋಳವಿರಬಹುದೆಂದು ತೀರ್ಪುಗಾರರು ನಿರ್ಧರಿಸಿ, ಛಾಯಾಗ್ರಾಹಕ ಅಲ್ಲಗಳೆದರೂ ಅನರ್ಹಗೊಳಿಸಬೇಕಾಯಿತು. ಇದಕ್ಕಿಂತ ಗಂಭೀರವಾದದ್ದು ಮನುಷ್ಯರ ಪ್ರಶ್ನೆ. ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದ ಬಗ್ಗೆ 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಸೌದೆ ಹುಲ್ಲುಗಳಿಗೆ ಕಾಡಿಗೆ ಹೋಗುವ ಹೆಂಗಸರು ತಮ್ಮ ಚಿತ್ರ ಯಾರ ಕೈಗೆ ಸೇರುತ್ತದೋ ಎಂಬ ಅಳುಕಿನಿಂದ ಕ್ಯಾಮೆರಾಗಳಿರುವ ಕಡೆ ಗಟ್ಟಿಯಾಗಿ ಮಾತಾಡುವುದನ್ನೂ ಹಾಡುವುದನ್ನೂ ಬಿಟ್ಟಿದ್ದಾರೆ. ಆ ಸದ್ದು ಆನೆ, ಹುಲಿಗಳನ್ನು ದೂರವಿಡುವ ಉಪಾಯವೂ ಆಗಿತ್ತು. ಕಾಡನ್ನು ಇದ್ದಂತೆ ತೋರಿಸುತ್ತದೆನ್ನುವ ಯಂತ್ರ ಕಾಡಿನ ಸದ್ದನ್ನೇ ಬದಲಾಯಿಸಿದೆ.

ಕನ್ನಡದ ಪತ್ರಿಕೆಗಳೂ ಪುಸ್ತಕಗಳೂ ಇಂಥ ಚಿತ್ರಗಳನ್ನು ಅಚ್ಚು ಹಾಕುವಾಗ ‘ಕ್ಯಾಮೆರಾಕ್ಕೆ ಸೆರೆಯಾದ ಚಿರತೆ’ ಎಂದಷ್ಟೇ ಬರೆದು ಸುಮ್ಮನಾಗದೆ, ಬಿಳಿ ಫ್ಲ್ಯಾಷೋ ಇನ್‌ಫ್ರಾರೆಡ್ಡೋ, ಆಮಿಷ ಇಟ್ಟಿತ್ತೋ ಇಲ್ಲವೋ, ಎಷ್ಟು ರಾತ್ರಿಯ ಕಾಯುವಿಕೆ, ಅದು ಯಾರು ಓಡಾಡುವ ದಾರಿ ಎಂಬ ನಾಲ್ಕು ವಿವರಗಳನ್ನು ಅಡಿಬರಹದಲ್ಲಿ ಸೇರಿಸಲಿ. ಅದಕ್ಕೆ ಎರಡು ಸಾಲಿನ ಜಾಗ ಸಾಕು.