ಚೌಡಿಕೆಯ ಟೊಳ್ಳೊಡಲು ಮತ್ತು ಅದರ ನಾದ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರುವ ಜೋಗತಿಯರೂ ಜೋಗಪ್ಪಂದಿರೂ ಕಂಕುಳಲ್ಲಿ ಇರುಕಿಕೊಂಡು ಮೀಟುವ ಚೌಡಿಕೆಯನ್ನು ಭಕ್ತಿಯ ಕುರುಹೆಂದು ಬಣ್ಣಿಸಿ, ವಾದ್ಯವಾಗಿ ಅದನ್ನು ಅರೆಬೆಳೆದದ್ದೆಂದು ಬದಿಗಿಡುವ ರೂಢಿಯುಂಟು. ಒಂದೇ ತಂತಿ, ಮೆಟ್ಟಿಲುಗಳಿಲ್ಲ ಎಂಬ ಈ ಎಣಿಕೆಯ ಮಾನದಂಡ ಚೌಡಿಕೆಯ ರಚನೆಯನ್ನೇ ಗಮನಿಸುವುದಿಲ್ಲ.

ಟೊಳ್ಳೊಡಲಿನ ತಂತಿವಾದ್ಯಗಳೆಲ್ಲವೂ ಬಿಡಿಸಬೇಕಾದ ತೊಡಕು ಒಂದೇ: ತೆಳುವಾದ ತಂತಿ ತಾನಾಗಿ ಹೆಚ್ಚು ಗಾಳಿಯನ್ನು ಅಲುಗಿಸಲಾರದು, ಆದ್ದರಿಂದ ಅದರ ಕಂಪನ ಅಗಲವಾದ ಮೈಗೆ ದಾಟಬೇಕು. ಅಮೆರಿಕದ ಗಿಬ್ಸನ್ ಕಂಪನಿ 1920ರ ದಶಕದಲ್ಲಿ ತಂದ ಎಲ್-5 ಮಾದರಿಯಂಥ ಆರ್ಚ್‌ಟಾಪ್ ಗಿಟಾರಿನಲ್ಲಿ, ಅಂದರೆ ಪಿಟೀಲಿನಂತೆ ಮೇಲ್ಹಲಗೆಯನ್ನು ಉಬ್ಬಾಗಿ ಕೆತ್ತಿದ ಗಿಟಾರಿನಲ್ಲಿ, ಅಂಟಿಸದ ಕುದುರೆಯೊಂದು ತಂತಿಗಳ ಒತ್ತಡದಿಂದಲೇ ನಿಂತು ಈ ಕೆಲಸ ಮಾಡುತ್ತದೆ. ಚೌಡಿಕೆಯಲ್ಲಿ ಕುದುರೆಯೇ ಇಲ್ಲ. ಕೊಳಗದಂಥ ಒಡಲಿನ ಒಂದು ಬಾಯಿಗೆ ಬಿಗಿದ ಚರ್ಮದ ನಡುವಿನಿಂದ ಹೊರಟ ತಂತಿ, ಟೊಳ್ಳಿನೊಳಗೆ ಹಾಯ್ದು, ಪಕ್ಕಕ್ಕೆ ಜೋಡಿಸಿದ ಕೋಲಿನ ಬಿರಡೆಯನ್ನು ಸೇರುತ್ತದೆ. ಹೀಗೆ ಅದು ಚರ್ಮಕ್ಕೆ ನೆಟ್ಟಗೆ ನಿಂತಿರುವುದರಿಂದ, ಮೀಟಿದಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗುವ ಒಂದು ಸುತ್ತಿನಲ್ಲಿ ಎರಡು ಸಲ ಬಿಗಿದು ಚರ್ಮವನ್ನು ಎರಡು ಸಲ ಎಳೆಯುತ್ತದೆ. ತಂತಿಯ ಸಹಜ ಕಂಪನಕ್ಕಿಂತ ಇಮ್ಮಡಿಯ, ಎಂದರೆ ಮೇಲಿನ ಸ್ಥಾಯಿಯ ಸ್ವರ ಕೇಳುವುದು ಇದರಿಂದ. ಬಿಗಿ ಬದಲಾದಂತೆ ಸ್ವರವೂ ಜಾರುತ್ತದೆ. ಚರ್ಮವಾದ್ಯವೋ ತಂತಿವಾದ್ಯವೋ ಎಂದು ವಿದ್ವಾಂಸರು ತಡವರಿಸಿದ್ದು ಈ ಬಗೆಯ ವಾದ್ಯಗಳ ಮುಂದೆಯೇ.

ಈ ಜಾರು ಕಥನಕ್ಕೆ ಒದಗಿಬರುತ್ತದೆ. ರೇಣುಕೆ, ಜಮದಗ್ನಿ, ಪರಶುರಾಮರ ಕಥೆಯನ್ನು ಹಾಡುವಲ್ಲಿ ಚೌಡಿಕೆ ಹಾಡಿನ ಸ್ವರಗಳನ್ನು ಹಿಂಬಾಲಿಸದೆ ಮಾತಿನ ಏರಿಳಿತವನ್ನು ಹಿಡಿಯುತ್ತದೆ, ಲಯವನ್ನೂ ನಡೆಸುತ್ತದೆ. ನೆಲೆಯಾದ ಆಧಾರಸ್ವರ ಕೊಡಲು ಮೇಳದಲ್ಲಿ ಶ್ರುತಿ ಎಂಬ ಬೇರೊಂದು ಏಕತಂತಿ ಇರುವುದರಿಂದ ಆ ಹೊಣೆ ಚೌಡಿಕೆಗಿಲ್ಲ. ಆದರೂ ನಾದ ಬೇಗ ಆರುತ್ತದೆ, ತೇವದ ಹವೆಯಲ್ಲಿ ಚರ್ಮ ಸಡಿಲುತ್ತದೆ ಎಂಬ ಮಿತಿಗಳು ನಿಜವೇ. ಶಾಸ್ತ್ರೀಯ ಆಲಾಪಕ್ಕೆ ಇದು ಒಗ್ಗುವುದಿಲ್ಲ.

ದೊಡ್ಡ ಮೇಳಗಳ ಸದ್ದಿನ ನಡುವೆ ಕೇಳಿಸಬೇಕೆಂದು ಬೆಳೆದ ಆರ್ಚ್‌ಟಾಪ್ ಮುಂದೆ ವಿದ್ಯುತ್ ಪಿಕಪ್ಪನ್ನು ತನ್ನ ಮೈಯಲ್ಲೇ ಕೂರಿಸಿಕೊಂಡಿತು. ಚೌಡಿಕೆಗೆ ಅಂಥ ಏರ್ಪಾಡು ಒದಗಿಲ್ಲ. ಹಾಡುವವರ ಬಾಯಿಯೆದುರು ಒಂದೇ ಮೈಕು ನಿಲ್ಲಿಸಿದಾಗ ಕಂಕುಳಲ್ಲಿ ಮರೆಯಾದ ಚರ್ಮದ ಗುಂಗು ಅದಕ್ಕೆ ಸಾಕಷ್ಟು ಸಿಗದೆ, ಮೀಟಿನ ಟಕಟಕ ಸದ್ದಷ್ಟೇ ಎದ್ದು ಕೇಳುತ್ತದೆ. ವಾದ್ಯ ಬಡವಾದುದೆಂಬ ತೀರ್ಪಿಗೆ ಈ ಮೈಕಿನ ಪಾಲೂ ಇದೆ.