ಗೋದಾಮಾದ ಅಡುಗೆಮನೆ

ಮಹಿಳೆಯರಿಗೆಂದು ಪತ್ರಿಕೆಗಳು ಮೀಸಲಿಟ್ಟ ಪುಟಗಳಲ್ಲಿ ಎಂದೂ ಬತ್ತದ ವಿಷಯವೊಂದಿದೆ: ಮನೆಖರ್ಚಿನಲ್ಲಿ ಉಳಿತಾಯ ಮಾಡುವುದು ಹೇಗೆ? ಇಂಥ ಬರಹಗಳನ್ನು ನಾನು ಮೂವತ್ತು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಬರೆಯುವವರು ಬದಲಾಗಿದ್ದಾರೆ, ಪಕ್ಕದ ಚಿತ್ರದಲ್ಲಿನ ಹೆಂಗಸಿನ ಸೀರೆ ಹೋಗಿ ಚೂಡಿದಾರ್ ಬಂದಿದೆ. ಸಲಹೆ ಮಾತ್ರ ಅದೇ. ಪಟ್ಟಿ ಮಾಡಿಕೊಂಡು ಅಂಗಡಿಗೆ ಹೋಗಿ, ತಿಂಗಳ ಸಾಮಾನು ಒಟ್ಟಿಗೆ ತನ್ನಿ, ದೊಡ್ಡ ಪೊಟ್ಟಣ ಕೊಳ್ಳಿ, ರಿಯಾಯಿತಿ ಇದ್ದಾಗ ಎರಡು ಹೆಚ್ಚಿಗೆ ತಂದಿಡಿ, ಕೂಪನ್ ಬಿಸಾಡಬೇಡಿ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇವರು ಯಾರ ಮನೆಯನ್ನು ಕಣ್ಣಮುಂದಿಟ್ಟುಕೊಂಡು ಬರೆಯುತ್ತಾರೆ, ಯಾವ ಲೆಕ್ಕ ಹೇಳಿ ಯಾವುದನ್ನು ಬಿಡುತ್ತಾರೆ ಎಂದು ಒಮ್ಮೆಯಾದರೂ ಕೇಳಬೇಕು.

ಮೊದಲು ‘ಉಚಿತ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಒಂದು ಕೊಂಡರೆ ಒಂದು ಉಚಿತ ಎಂಬ ಫಲಕ ಕಂಡರೆ ಜಾಣ ಗೃಹಿಣಿಯ ಕೈ ತಾನಾಗಿ ಮುಂದೆ ಹೋಗಬೇಕು ಎನ್ನುವ ಧಾಟಿ ಈ ಲೇಖನಗಳದು. ನಮ್ಮ ದೇಶದ ಕಾನೂನು ಅಷ್ಟು ಮುಗ್ಧವಲ್ಲ. ಏಕಸ್ವಾಮ್ಯ ತಡೆಗೆಂದು 1969ರಲ್ಲಿ ಬಂದ ಕಾಯಿದೆಗೆ 1984ರಲ್ಲಿ ತಿದ್ದುಪಡಿ ತಂದಾಗಲೇ ಒಂದು ಮಾತು ಸೇರಿಸಿದರು: ಗ್ರಾಹಕರು ಕೊಟ್ಟ ಹಣದಲ್ಲೇ ಪೂರ್ತಿಯೋ ಅರ್ಧವೋ ಸೇರಿಹೋಗಿರುವ ವಸ್ತುವನ್ನು ಪುಕ್ಕಟೆ ಕೊಟ್ಟಂತೆ ತೋರಿಸುವುದು ಅನುಚಿತ ವ್ಯಾಪಾರ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲೂ ಅದು ಉಳಿದಿದೆ. ರಿಯಾಯಿತಿಯ ಕಥೆಯೂ ಹೀಗೆಯೇ. ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಪೊಟ್ಟಣದ ಮೇಲೆ ಮುದ್ರಿಸುವ ಪದ್ಧತಿ 1990ರಲ್ಲಿ ಬಂತು. ಅದಕ್ಕಿಂತ ಹೆಚ್ಚು ಕೀಳಬಾರದು ಎಂಬುದು ಅದರ ಉದ್ದೇಶ. ಅಂಕಿಯನ್ನು ಬರೆಯುವವನು ಮಾತ್ರ ತಯಾರಿಸುವವನೇ. ತಾನೇ ಬರೆದ ಅಂಕಿಯನ್ನು ತಾನೇ ಹೊಡೆದುಹಾಕಿ ಪಕ್ಕದಲ್ಲಿ ಸಣ್ಣ ಅಂಕಿ ಬರೆದರೆ ನಮಗೆ ಲಾಭವಾಯಿತೆಂದು ಹೇಗೆ ಹೇಳುವುದು? ಈ ಪ್ರಶ್ನೆ ಯಾವ ಉಳಿತಾಯದ ಪುಟದಲ್ಲೂ ನನಗೆ ಸಿಕ್ಕಿಲ್ಲ.

ಕೂಪನ್ನಿನದು ಇನ್ನೂ ಸೂಕ್ಷ್ಮ. ಹಿಂದೆ ಚಹಾಪುಡಿ ಪೊಟ್ಟಣದ ಚೀಟಿ ಕತ್ತರಿಸಿ ಡಬ್ಬಿಯಲ್ಲಿ ಕೂಡಿಡುತ್ತಿದ್ದೆವು, ಇಷ್ಟು ಸೇರಿದರೆ ಒಂದು ಸ್ಟೀಲ್ ಲೋಟ. ಈಗ ಅದು ಮೊಬೈಲಿಗೆ ಬರುತ್ತದೆ. ಬಳ್ಳಾರಿಯ ಒಂದು ದೊಡ್ಡ ಮಳಿಗೆಯಲ್ಲಿ 1,500 ರೂಪಾಯಿ ಸಾಮಾನು ಕೊಂಡರೆ 100 ರೂಪಾಯಿ ಬಿಡುತ್ತಾರೆ. ನನ್ನ ಬಿಲ್ಲು 1,340ಕ್ಕೆ ನಿಂತಿತ್ತು. ಕೌಂಟರಿನ ಹುಡುಗಿ ಬಲು ಪ್ರೀತಿಯಿಂದ, ‘ಇನ್ನೊಂದು ಏನಾದ್ರೂ ತಗೊಂಬಿಡ್ರಿ ಆಂಟಿ, ನೂರು ಉಳೀತದ’ ಎಂದಳು. 100 ಉಳಿಸಲು 160 ಖರ್ಚು! ‘ಬೇಡವ್ವ’ ಎಂದೆ. ಹಿಂದೆ ನಿಂತವರು ನನ್ನನ್ನು ಲೆಕ್ಕ ಬಾರದವಳಂತೆ ನೋಡಿದರು.

ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂಬುದೂ ಪರೀಕ್ಷಿಸಬೇಕಾದ ಮಾತು. ಕೊಳಗಲ್ಲಿನಲ್ಲಿ ಏಳನೆಯ ತರಗತಿಯವರಿಗೆ ಅನುಪಾತದ ಪಾಠ ಬಂದಾಗ, ಮನೆಯಲ್ಲಿರುವ ಖಾಲಿ ಪೊಟ್ಟಣ ತನ್ನಿರೆಂದೆ. ಸೋಪು, ಎಣ್ಣೆ, ಬಿಸ್ಕತ್ತು, ಶಾಂಪೂ ಎಲ್ಲ ಬಂದವು. ಎಣ್ಣೆ, ಸೋಪಿನಪುಡಿಯಲ್ಲಿ ದೊಡ್ಡದೇ ಅಗ್ಗವಾಯಿತು. ಶಾಂಪೂವಿನಲ್ಲಿ ತಲೆಕೆಳಗು: ಸೀಸೆಗಿಂತ ಒಂದು ರೂಪಾಯಿಯ ಪಾಕೀಟೇ ಮಿಲಿಲೀಟರಿಗೆ ಕಡಿಮೆ. ಐದು ರೂಪಾಯಿಯ ಬಿಸ್ಕತ್ತಿನ ಹಳೆಯ ಪೊಟ್ಟಣವೊಂದು ಯಾರದೋ ಮನೆಯ ಅಟ್ಟದಲ್ಲಿ ಸಿಕ್ಕಿ ಬಂದಿತ್ತು. ಬೆಲೆ ಅದೇ ಐದು, ಹೊಸದರ ತೂಕ ಮಾತ್ರ ಇಳಿದಿದೆ. ಬೆಲೆ ಏರಿಸಿದರೆ ಕೂಗುತ್ತೇವೆ, ತೂಕ ಇಳಿಸಿದರೆ ಗಮನಿಸುವುದೇ ಇಲ್ಲ. ಗ್ರಾಮಿಗೆ ಎಷ್ಟು ಎಂಬ ದರವನ್ನೂ ಮುದ್ರಿಸಬೇಕೆಂಬ ನಿಯಮ ಈಗ ಬಂದಿದೆ. ಅಕ್ಷರ ಎಷ್ಟು ಸಣ್ಣದೆಂದರೆ ನನಗೆ ಮಕ್ಕಳೇ ಓದಿ ಹೇಳಬೇಕಾಯಿತು.

ಇದೆಲ್ಲ ಕೊಳ್ಳಲು ಕೈಯಲ್ಲಿ ಹಣ ಇರುವವರ ಮಾತಾಯಿತು. ಶಾಲೆಯ ಹತ್ತಿರ ಹೊಲದ ಕೂಲಿಗೆ ಹೋಗುವ ಒಬ್ಬಾಕೆ ಇದ್ದಾಳೆ. ದಿನಾ ಸಂಜೆ ಕಿರಾಣಿ ಅಂಗಡಿಯಲ್ಲಿ ಹತ್ತು ರೂಪಾಯಿ ಎಣ್ಣೆ, ಹತ್ತು ರೂಪಾಯಿ ಬೇಳೆ ಕೊಳ್ಳುತ್ತಾಳೆ. ಲೀಟರಿನ ಲೆಕ್ಕಕ್ಕೆ ನಾನು ಕೊಡುವುದಕ್ಕಿಂತ ಹೆಚ್ಚೇ ಕೊಡುತ್ತಾಳೆ. ತಿಂಗಳಿಗೊಮ್ಮೆ ತಂದರೆ ಉಳಿಯುತ್ತದಲ್ಲವೇ ಎಂದು ಕೇಳಿದ್ದಕ್ಕೆ ಆಕೆ ನಕ್ಕಳು. ‘ತಿಂಗ್ಳಿಗೊಮ್ಮೆ ತರಾಕ ತಿಂಗ್ಳಿಗೊಮ್ಮೆ ರೊಕ್ಕ ಬರ್ಬೇಕಲ್ರಿ ಟೀಚರಮ್ಮ. ನಮ್ಗ ದಿನಾ ಬರ್ತೈತಿ, ದಿನಾ ಹೋಗ್ತೈತಿ.’

ಮೂವತ್ತು ವರ್ಷದ ಅಂಕಣಗಳು ಹೇಳದೆ ಬಿಟ್ಟದ್ದು ಈ ಒಂದು ಮಾತಿನಲ್ಲಿದೆ. ಕೂಡಿಟ್ಟು ಉಳಿಸುವುದಕ್ಕೆ ಮೊದಲೇ ಸ್ವಲ್ಪ ಉಳಿದಿರಬೇಕು, ಅಂದರೆ ಬಂಡವಾಳ ಬೇಕು. ಸಂಬಳದವರ ಮನೆಗೆ ಅದು ಒಂದನೆಯ ತಾರೀಖು ಬರುತ್ತದೆ. ಅದನ್ನು ನಾವು ನಮ್ಮ ಜಾಣ್ಮೆ ಎಂದುಕೊಂಡು, ಬಡವರು ದುಂದು ಮಾಡುತ್ತಾರೆಂದು ಗೊಣಗುತ್ತೇವೆ.

ಕೂಡಿಡುವುದು ನಮಗೆ ಮಾಲುಗಳು ಕಲಿಸಿದ ವಿದ್ಯೆಯಲ್ಲ. ನಮ್ಮ ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಹಗೇವುಗಳಿದ್ದವು. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಆಳವಾಗಿ ಗುಂಡಿ ತೋಡಿ, ಒಳಮೈಗೆಲ್ಲ ಒಣಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಇಟ್ಟು ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಕಾರಣ ಒಳಗೆ ಹುಳ ಬದುಕುತ್ತಿರಲಿಲ್ಲ. ವರ್ಷಗಟ್ಟಲೆ ಜೋಳ ಉಳಿಯುತ್ತಿತ್ತು. ತೆರೆದ ಕೂಡಲೇ ಇಳಿಯುವಂತಿರಲಿಲ್ಲ. ಕೆಟ್ಟ ಗಾಳಿಗೆ ಜೀವ ಹೋಗುತ್ತದೆಂದು ಮೊದಲು ಉರಿಯುವ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಕೊಳಗ ಎಂದರೆ ಧಾನ್ಯ ಅಳೆಯುವ ಮಾನ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗಲ್ಲು ಎಂಬ ಹೆಸರಿನಲ್ಲಿ ಆ ಮಾತು ಕೇಳಿಸುವುದು ಆಕಸ್ಮಿಕವೇ ಇರಬಹುದು, ನನಗಂತೂ ಇಷ್ಟ.

ಆ ಕೂಡಿಕೆ ಬರದ ಭಯಕ್ಕೆ. 1876ರಿಂದ 78ರವರೆಗಿನ ಬರದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮಳೆ ನಂಬುವಂತಿಲ್ಲದ ನೆಲದಲ್ಲಿ ಒಂದು ಒಳ್ಳೆಯ ಸುಗ್ಗಿ ಮುಂದಿನ ಎರಡು ಕೆಟ್ಟ ವರ್ಷಗಳನ್ನು ಸಾಕಬೇಕಿತ್ತು. ಹಗೇವನ್ನು ಹೊಗಳುವವರಿಗೂ ಒಂದು ಮಾತು ಹೇಳಬೇಕು: ಹೊಲ ಇದ್ದವರಿಗೆ ಹಗೇವು ಇತ್ತು. ಇಲ್ಲದವರು ಬಂಡೆ ಸರಿಯುವುದನ್ನು ಕಾದು, ಜೋಳವನ್ನು ಸಾಲ ತಂದು, ಸುಗ್ಗಿಯಲ್ಲಿ ಹೆಚ್ಚಿಗೆ ಅಳೆದುಕೊಡುತ್ತಿದ್ದರು. ಅಂದಿಗೂ ಇಂದಿಗೂ ಆ ಮಟ್ಟಿಗೆ ಬಹಳ ದೂರವಿಲ್ಲ.

ಸುಗ್ಗಿಯಲ್ಲಿ ಕೊಂಡಿಡುವುದಕ್ಕೂ ರಿಯಾಯಿತಿಯಲ್ಲಿ ಕೊಂಡಿಡುವುದಕ್ಕೂ ವ್ಯತ್ಯಾಸ ಇದ್ದೇ ಇದೆ. 2015ರ ದಸರಾ ಹೊತ್ತಿಗೆ ತೊಗರಿಬೇಳೆ ಕಿಲೋಗೆ 200 ರೂಪಾಯಿಯ ಸುತ್ತ ಹೋಗಿತ್ತು. ಸರ್ಕಾರ ಗೋದಾಮುಗಳ ಮೇಲೆ ದಾಳಿ ಮಾಡಿ ದಾಸ್ತಾನು ಹಿಡಿಯಿತು. ಸುಗ್ಗಿಯಲ್ಲೇ ಹತ್ತು ಕಿಲೋ ತಂದು, ಬಿಸಿಲಿಗೆ ಒಣಗಿಸಿ, ಒಂದಿಷ್ಟು ಔಡಲೆಣ್ಣೆ ಸವರಿ ಡಬ್ಬಿಗೆ ತುಂಬಿದ್ದವರು ಆ ವರ್ಷ ನಿಜವಾಗಿ ಉಳಿಸಿದರು. ಜೋಳ, ಮೆಣಸಿನಕಾಯಿ, ಹುಣಸೆಹಣ್ಣಿಗೂ ಈ ಲೆಕ್ಕ ಹೊಂದುತ್ತದೆ, ಏಕೆಂದರೆ ಇವುಗಳ ಬೆಲೆಗೆ ಋತು ಇದೆ. ಕೈತೊಳೆಯುವ ಸಾಬೂನಿಗೆ, ನೂಡಲ್ಸಿಗೆ ಯಾವ ಸುಗ್ಗಿ? ಮುಂದಿನ ತಿಂಗಳೂ ಅದೇ ಅಂಗಡಿಯಲ್ಲಿ ಅದೇ ಫಲಕ ತೂಗುತ್ತಿರುತ್ತದೆ. ಆರು ತಿಂಗಳ ನೂಡಲ್ಸ್ ನಮ್ಮ ಅಟ್ಟದಲ್ಲಿದ್ದರೆ ಅದು ಅಂಗಡಿಯವನ ಗೋದಾಮೇ, ಬಾಡಿಗೆ ಮಾತ್ರ ನಮ್ಮದು. ಇರುವೆ, ಇಲಿ, ಮುಗಿದುಹೋಗುವ ತಾರೀಖು ಇವುಗಳ ಚಿಂತೆಯೂ ನಮ್ಮದೇ. ಮೇಲಾಗಿ, ಮನೆಯಲ್ಲಿ ಬಿಸ್ಕತ್ತು ಹತ್ತು ಪೊಟ್ಟಣ ಇದ್ದರೆ ಎರಡು ಇದ್ದಾಗಿನಂತೆ ಯಾರೂ ತಿನ್ನುವುದಿಲ್ಲ.

ಇನ್ನು ದುಡಿಮೆ. ಒಂದು ಚೀಲ ಜೋಳ ತಂದರೆ ಹಸನು ಮಾಡುವುದು, ಒಣಗಿಸುವುದು, ಬೇವಿನ ಎಲೆ ಹಾಕಿ ತುಂಬುವುದು, ತಿಂಗಳಿಗೊಮ್ಮೆ ಹೊರಗೆ ಹರಡುವುದು. ಈ ಕೆಲಸ ಯಾರು ಮಾಡುತ್ತಾರೆಂದು ನಿಮಗೆ ಹೇಳಬೇಕಾಗಿಲ್ಲ. ಉಳಿತಾಯದ ಲೇಖನದಲ್ಲಿ ರೂಪಾಯಿ ಪೈಸೆಗೆ ಲೆಕ್ಕವಿದೆ, ಭಾನುವಾರದ ಮಧ್ಯಾಹ್ನಕ್ಕೆ ಇಲ್ಲ. ‘ಜಾಣ ಗೃಹಿಣಿ’ ಎಂದು ಬೆನ್ನು ತಟ್ಟುವವರು ‘ಜಾಣ ಗೃಹಸ್ಥ’ನಿಗೆ ಮೊರ ಹಿಡಿಯಲು ಹೇಳಿದ್ದನ್ನು ನಾನು ಓದಿಲ್ಲ.

ಈ ಅಂಕಣಗಳಿಗೆ ಕಾಣದ ಇನ್ನೊಂದು ದಾರಿ ನಮ್ಮಲ್ಲೇ ಇದೆ. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ 2000ದಲ್ಲಿ ಶುರುವಾಯಿತು. ವಾರವಾರ ಸಣ್ಣ ಮೊತ್ತ ಕೂಡಿಸುವ ಹೆಂಗಸರ ಸಂಘಗಳು ಹಳ್ಳಿಹಳ್ಳಿಗಳಲ್ಲಿವೆ. ಮೇಲೆ ಹೇಳಿದ ಆಕೆಯೂ ಅಂಥದೊಂದು ಗುಂಪಿನಲ್ಲಿದ್ದಾಳೆ. ಕಳೆದ ಸುಗ್ಗಿಯಲ್ಲಿ ಹನ್ನೆರಡು ಮಂದಿ ಸಂಘದಿಂದ ಸಾಲ ತೆಗೆದು, ಬಳ್ಳಾರಿಯಿಂದ ಒಟ್ಟಿಗೆ ಎರಡು ಚೀಲ ಬೇಳೆ ತರಿಸಿ, ಶಾಲೆಯ ಹಿಂದಿನ ಕಟ್ಟೆಯ ಮೇಲೆ ತೂಗಿ ಹಂಚಿಕೊಂಡರು. ಸಾಲ ವಾರಕ್ಕಿಷ್ಟು ಎಂದು ತೀರಿತು. ದಿನಗೂಲಿಯವರ ಮನೆಯಲ್ಲಿ ಮೂರು ತಿಂಗಳ ಬೇಳೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಈ ಸಲ ಎಣ್ಣೆಯನ್ನೂ ಡಬ್ಬದಲ್ಲಿ ತರಿಸಬೇಕೆಂದಿದ್ದಾರೆ. ತಕ್ಕಡಿ ಯಾರ ಮನೆಯಲ್ಲಿರಬೇಕು ಎಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ.