ಕ್ಯಾಮರಾದ ಮುಂದೆ ಸ್ವಗತ: ಒಲಿವಿಯರನ ಮೂರು ಚಿತ್ರಗಳು

ಹೆಸರಾಂತ ನಟನೊಬ್ಬನು ನಿರ್ದೇಶನಕ್ಕೆ ಕೈಹಾಕಿದಾಗ ಎರಡು ಬಗೆಯ ಮಾತು ಕೇಳಿಬರುವುದು ವಾಡಿಕೆ. ಇನ್ನು ಅವನ ಪ್ರತಿಭೆಗೆ ಅಡ್ಡಿಯಿಲ್ಲವೆಂದು ಅಭಿಮಾನಿಗಳು ಹಿಗ್ಗುತ್ತಾರೆ. ಇನ್ನು ತೆರೆಯ ತುಂಬ ಅವನ ಮುಖವೇ ಎಂದು ಉಳಿದವರು ಮೂಗು ಮುರಿಯುತ್ತಾರೆ. ಲಾರೆನ್ಸ್ ಒಲಿವಿಯರನ ಮಟ್ಟಿಗೆ ಈ ಎರಡು ಮಾತೂ ನಿಜವೇ. 1907ರಲ್ಲಿ ಹುಟ್ಟಿ 1989ರಲ್ಲಿ ತೀರಿಕೊಂಡ ಈ ಇಂಗ್ಲಿಷ್ ನಟನು ಚಿತ್ರಮಂದಿರಕ್ಕಾಗಿ ನಿರ್ದೇಶಿಸಿದ್ದು ಐದೇ ಚಿತ್ರಗಳನ್ನು. ‘ದಿ ಪ್ರಿನ್ಸ್ ಅಂಡ್ ದಿ ಷೋಗರ್ಲ್’ (1957), ಚೆಕಾಫನ ನಾಟಕದಿಂದ ಬಂದ ‘ತ್ರೀ ಸಿಸ್ಟರ್ಸ್’ (1970) ಇವೆರಡನ್ನು ಬದಿಗಿಟ್ಟರೆ ಉಳಿದ ಮೂರೂ ಷೇಕ್ಸ್‌ಪಿಯರನವು: ‘ಐದನೆಯ ಹೆನ್ರಿ’ (1944), ‘ಹ್ಯಾಮ್ಲೆಟ್’ (1948), ‘ಮೂರನೆಯ ರಿಚರ್ಡ್’ (1955). ಇವುಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ಪ್ರಶಸ್ತಿಗಳ ಪಟ್ಟಿ ‘ಹ್ಯಾಮ್ಲೆಟ್’ ಎನ್ನುತ್ತದೆ. ನನಗೆ ಹಾಗೆ ತೋರುವುದಿಲ್ಲ.

ನಾಟಕವನ್ನು ಚಿತ್ರವಾಗಿಸುವವನಿಗೆ ಮೊದಲು ಎದುರಾಗುವ ತೊಡಕು ಮಾತಿನದು, ಅದರಲ್ಲಿಯೂ ಸ್ವಗತದ್ದು. ರಂಗದ ಮೇಲೆ ನಟನು ಸ್ವಗತವೆಂದು ಗಟ್ಟಿಯಾಗಿಯೇ ನುಡಿಯುತ್ತಾನೆ. ಕೊನೆಯ ಸಾಲಿನವನಿಗೂ ಅದು ಕೇಳುತ್ತದೆ, ಪಕ್ಕದಲ್ಲಿ ನಿಂತ ಪಾತ್ರಕ್ಕೆ ಮಾತ್ರ ಕೇಳುವುದಿಲ್ಲ! ಈ ಒಪ್ಪಂದವನ್ನು ನಮ್ಮ ಕಂಪನಿ ನಾಟಕಗಳ ಪ್ರೇಕ್ಷಕನೂ ಚಕಾರವೆತ್ತದೆ ಒಪ್ಪಿಕೊಂಡಿದ್ದನು. ಆದರೆ ಕ್ಯಾಮರಾ ಗೇಣುದೂರದಲ್ಲಿ ನಿಂತು ಮುಖವನ್ನೇ ನೋಡುತ್ತಿರುವಾಗ ಅದೇ ಗಟ್ಟಿ ದನಿ ಕೃತಕವಾಗುತ್ತದೆ. ರಂಗಭೂಮಿಯಲ್ಲಿ ಬೆಳೆದ ಒಲಿವಿಯರನಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. ಅವನ ಮೂರು ಚಿತ್ರಗಳನ್ನು ಈ ಒಂದೇ ಕಷ್ಟಕ್ಕೆ ಅವನು ಹುಡುಕಿದ ಮೂರು ಪರಿಹಾರಗಳೆಂದು ನೋಡಬಹುದು.

‘ಹೆನ್ರಿ’ಯನ್ನು ನಿರ್ದೇಶಿಸಬೇಕೆಂದು ಅವನು ಮೊದಲು ಕೇಳಿಕೊಂಡದ್ದು ವಿಲಿಯಂ ವೈಲರನನ್ನು. ಆತನು ಒಪ್ಪದಿದ್ದುದರಿಂದ ಹೊರೆ ತನ್ನ ಹೆಗಲಿಗೇ ಬಂದಿತು. ಚಿತ್ರವು 1600ನೆಯ ಇಸವಿಯ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ತೆರೆಯುತ್ತದೆ. ದೊರೆಯ ವೇಷದ ನಟನು ರಂಗಕ್ಕೆ ಕಾಲಿಡುವ ಮುನ್ನ ಮರೆಯಲ್ಲಿ ನಿಂತು ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾನೆ. ಸ್ವತಃ ನಟನಲ್ಲದವನಿಗೆ ಈ ಕೆಮ್ಮು ಹೊಳೆಯುತ್ತಿರಲಿಲ್ಲ. ಬಳಿಕ ಕಥೆ ಫ್ರಾನ್ಸಿನ ಡ್ಯೂಕ್ ದ ಬೆರ್ರಿಯ ಪ್ರಾರ್ಥನಾ ಗ್ರಂಥದ ವರ್ಣಚಿತ್ರಗಳನ್ನು ಹೋಲುವ ಬಣ್ಣದ ಪರದೆಗಳ ನಡುವೆ ಸಾಗಿ, ಆಜಿನ್‌ಕೋರ್ಟ್ ಯುದ್ಧದ ಹೊತ್ತಿಗೆ ನಿಜವಾದ ಬಯಲಿಗೆ ಬರುತ್ತದೆ. ಯುದ್ಧದಿಂದ ದೂರವುಳಿದಿದ್ದ ಐರ್ಲೆಂಡಿನಲ್ಲಿ 1943ರಲ್ಲಿ ಆ ಬಯಲನ್ನು ಚಿತ್ರಿಸಲಾಯಿತು. ಸೈನ್ಯವನ್ನು ಹುರಿದುಂಬಿಸುವ ಮಾತುಗಳಲ್ಲಿ ದನಿ ಏರಿದಂತೆಲ್ಲ ಕ್ಯಾಮರಾ ಹಿಂದೆ ಹಿಂದೆ ಸರಿಯುತ್ತದೆ. ಭಾವ ಏರಿದಾಗ ಮುಖದ ಹತ್ತಿರಕ್ಕೆ ಹೋಗುವುದು ಅಂದಿನ ಚಿತ್ರಗಳ ರೂಢಿ. ಒಲಿವಿಯರ್ ಅದನ್ನು ತಲೆಕೆಳಗು ಮಾಡಿ, ದೊಡ್ಡ ದನಿಗೆ ದೊಡ್ಡ ಅಂಗಳವನ್ನು ಒದಗಿಸಿದನು. ಇದು ಮೊದಲನೆಯ ಪರಿಹಾರ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಎಂ.ಎ. ವಿದ್ಯಾರ್ಥಿಯಾಗಿದ್ದಾಗ ಕಂಡ ಈ ಚಿತ್ರದ ಗುಂಗಿನಲ್ಲಿ ನಾನು ಅನೇಕ ವರ್ಷ ತರಗತಿಯಲ್ಲಿ ಧೀರೋದಾತ್ತ ನಾಯಕನ ಲಕ್ಷಣ ಹೇಳುವಾಗ, ನಮ್ಮ ಕಾವ್ಯಗಳ ನಾಯಕರ ಜೊತೆಗೆ ಹೆನ್ರಿಯನ್ನೂ ಹೆಸರಿಸುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಸಾರ್, ಸೆರೆಸಿಕ್ಕವರನ್ನು ಕೊಲ್ಲಿರೆಂದು ಅಪ್ಪಣೆ ಕೊಟ್ಟವನು ಧೀರೋದಾತ್ತ ಹೇಗಾದಾನು?” ಎಂದ. ನಾನು ತಬ್ಬಿಬ್ಬಾದೆ. ಮನೆಗೆ ಬಂದು ನಾಲ್ಕನೆಯ ಅಂಕವನ್ನು ತೆಗೆದು ನೋಡಿದರೆ ಅಪ್ಪಣೆ ಅಲ್ಲಿಯೇ ಇದೆ. ವಿದ್ಯಾರ್ಥಿಯಾಗಿದ್ದಾಗ ಓದಿದ್ದ ಸಾಲನ್ನು ಚಿತ್ರವು ನನ್ನ ಮನಸ್ಸಿನಿಂದ ಒರಸಿಹಾಕಿತ್ತು. ಒಲಿವಿಯರ್ ಆ ಅಪ್ಪಣೆಯನ್ನು ಬಿಟ್ಟುಬಿಟ್ಟಿದ್ದಾನೆ. ಹಾರ್‌ಫ್ಲರ್ ಊರಿನವರಿಗೆ ಹೆನ್ರಿ ಹಾಕುವ ಭೀಕರ ಬೆದರಿಕೆಯನ್ನು ಬಿಟ್ಟಿದ್ದಾನೆ. ಅವನ ವಿರುದ್ಧ ಸ್ವಂತ ಪ್ರಭುಗಳೇ ಹೂಡಿದ ಸಂಚನ್ನೂ ಬಿಟ್ಟಿದ್ದಾನೆ. ಫ್ರೆಂಚರು ಹುಡುಗರನ್ನು ಕೊಂದದ್ದು ಮಾತ್ರ ಉಳಿದಿದೆ.

ಇದನ್ನು ಬರಿಯ ವಂಚನೆಯೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. 1944ರ ಬ್ರಿಟನ್ ಯುದ್ಧದ ನಡುವೆ ಇತ್ತು. ಚಿತ್ರವು ಅರ್ಪಿತವಾದದ್ದು ಆ ದೇಶದ ಕಮಾಂಡೊ ಮತ್ತು ವಾಯುಗಾಮಿ ಸೈನಿಕರಿಗೆ. ಅಂದಿನ ಪ್ರೇಕ್ಷಕನಿಗೆ ಬೇಕಾಗಿದ್ದುದು ಕಳಂಕವಿಲ್ಲದ ದೊರೆ. ಆದರೆ ಷೇಕ್ಸ್‌ಪಿಯರ್ ಬರೆದದ್ದು ಅಂಥ ದೊರೆಯನ್ನಲ್ಲ. ವೀರರಸವನ್ನು ಉಕ್ಕಿಸುತ್ತಲೇ ಅದರ ಬೆಲೆಯನ್ನೂ ಎಣಿಸಿ ತೋರಿಸುವುದು ಆತನ ಹಿರಿಮೆ. ಚಿತ್ರದಲ್ಲಿ ರಸ ಉಳಿಯಿತು, ಲೆಕ್ಕ ಹೋಯಿತು.

‘ಹ್ಯಾಮ್ಲೆಟ್’ನಲ್ಲಿ ಪರಿಹಾರ ಬೇರೆ. ಇಲ್ಲಿ ಸ್ವಗತದ ಹೆಚ್ಚಿನ ಭಾಗದಲ್ಲಿ ತುಟಿ ಅಲುಗುವುದಿಲ್ಲ. ದನಿ ಮನಸ್ಸಿನೊಳಗಿನಿಂದ ಕೇಳಿಬರುತ್ತದೆ. ಯುದ್ಧದ ಹಿಂದಿನ ರಾತ್ರಿ ಹೆನ್ರಿಯ ಚಿಂತೆಯನ್ನು ತೋರಿಸುವಾಗಲೇ ಈ ಉಪಾಯದ ಬೀಜ ಬಿದ್ದಿತ್ತು. ಕಪ್ಪು ಬಿಳುಪಿನ ಈ ಚಿತ್ರದಲ್ಲಿ ಕ್ಯಾಮರಾ ಕೋಟೆಯ ಮೆಟ್ಟಿಲುಗಳನ್ನೇರಿ ಖಾಲಿ ಪಡಸಾಲೆಗಳಲ್ಲಿ ಪ್ರೇತದಂತೆ ಸುಳಿಯುತ್ತದೆ. ಇರವೋ ಅಳಿವೋ ಎಂದು ರಾಜಕುಮಾರನು ತೂಗುವುದು ಕಡಲಿನ ಮೇಲಣ ಎತ್ತರದ ಗೋಪುರದಲ್ಲಿ. ಅವನ ಕೈಯ ಕಠಾರಿ ಜಾರಿ ನೀರಿಗೆ ಬೀಳುತ್ತದೆ. ಇದೆಲ್ಲ ರಮ್ಯವಾಗಿದೆ. ಅತ್ಯುತ್ತಮ ಚಿತ್ರಕ್ಕೆ, ಅತ್ಯುತ್ತಮ ನಟನಿಗೆ ಎಂದು ಆಸ್ಕರ್ ಪ್ರಶಸ್ತಿಗಳೂ ಬಂದವು. ಅಮೆರಿಕದ್ದಲ್ಲದ ಚಿತ್ರವೊಂದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ದೊರೆತದ್ದು ಅದೇ ಮೊದಲು.

ಆದರೂ ನನಗೆ ಈ ಚಿತ್ರದಲ್ಲಿ ಉಸಿರು ಕಟ್ಟಿದಂತಾಗುತ್ತದೆ. ಗೆಳೆಯರ ಸೋಗಿನಲ್ಲಿ ಬೇಹುಗಾರಿಕೆಗೆ ಬಂದ ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್ ಇಲ್ಲಿಲ್ಲ. ಕೊನೆಗೆ ಬಂದು ರಾಜ್ಯವನ್ನು ಕೈಗೆ ತೆಗೆದುಕೊಳ್ಳುವ ಫಾರ್ಟಿನ್‌ಬ್ರಾಸನೂ ಇಲ್ಲ. ಮನಸ್ಸು ಗಟ್ಟಿಮಾಡಲಾರದ ಒಬ್ಬನ ದುರಂತವಿದು ಎಂದು ಒಲಿವಿಯರನ ದನಿ ಆರಂಭದಲ್ಲಿಯೇ ತೀರ್ಪು ಕೊಟ್ಟುಬಿಡುತ್ತದೆ. ಕುವೆಂಪು ಅವರು ‘ರಕ್ತಾಕ್ಷಿ’ಯಲ್ಲಿ ಇದೇ ಕಥೆಯನ್ನು ಬಿದನೂರಿನ ಅರಮನೆಗೆ ತಂದರಷ್ಟೆ. ಹಾಗೆ ತರಲು ಸಾಧ್ಯವಾದದ್ದು, ಇದು ಒಬ್ಬನ ಮನೋವ್ಯಾಧಿಯ ಕಥೆಯಷ್ಟೇ ಅಲ್ಲದೆ ಕೆಟ್ಟುಹೋದ ಒಂದು ಸಂಸ್ಥಾನದ ಕಥೆಯೂ ಆಗಿರುವುದರಿಂದ. ರಾಜ್ಯವನ್ನು ತೆಗೆದುಹಾಕಿದರೆ ಉಳಿಯುವುದು ಒಂಟಿ ನಟ. ತೆರೆಯ ತುಂಬ ಅವನ ಮುಖವೇ ಎಂಬ ಆಕ್ಷೇಪಣೆ ಈ ಚಿತ್ರಕ್ಕೆ ತಟ್ಟುತ್ತದೆ.

ಮೂರನೆಯ ಪರಿಹಾರ ಎಲ್ಲಕ್ಕಿಂತ ಸರಳವಾದದ್ದು. ಅಣ್ಣನ ಪಟ್ಟಾಭಿಷೇಕ ಮುಗಿದು ಎಲ್ಲರೂ ಹೊರಟುಹೋದ ಮೇಲೆ ರಿಚರ್ಡ್ ಒಬ್ಬನೇ ಉಳಿಯುತ್ತಾನೆ. ಕುಂಟುತ್ತ ನೇರವಾಗಿ ಕ್ಯಾಮರಾದ ಬಳಿಗೆ ಬಂದು ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುತ್ತಾನೆ. ಅವನು ಯಾರನ್ನು ಕೊಲ್ಲಿಸಲಿದ್ದಾನೆ, ಯಾರನ್ನು ಮದುವೆಯಾಗಲಿದ್ದಾನೆ ಎಂಬುದು ನಮಗೆ ಮೊದಲೇ ಗೊತ್ತು. ನಾವು ನಗುತ್ತೇವೆ, ನಗುತ್ತಲೇ ಅವನ ಪಾಪದಲ್ಲಿ ಪಾಲುದಾರರಾಗುತ್ತೇವೆ. ಕಂಪನಿ ನಾಟಕದ ಖಳನಾಯಕನು ಮುಂದಿನ ಸಾಲಿನವರನ್ನು ಒಲಿಸಿಕೊಳ್ಳುತ್ತಿದ್ದುದು ಹೀಗೆಯೇ.

ಚಿತ್ರದ ನಡುವೆ ಒಂದು ಕ್ಷಣವಿದೆ. ಪ್ರಜೆಗಳು ತನ್ನನ್ನು ದೊರೆಯೆಂದು ಕೂಗಿದೊಡನೆ ರಿಚರ್ಡ್ ಗಂಟೆಯ ಹಗ್ಗ ಹಿಡಿದು ಸರ್ರನೆ ಕೆಳಗಿಳಿಯುತ್ತಾನೆ. ಸಂಚಿನ ಜೊತೆಗಾರ ಬಕಿಂಗ್‌ಹ್ಯಾಮ್ ಹರ್ಷದಿಂದ ಮುಂದೆ ಬರುತ್ತಾನೆ. ರಿಚರ್ಡ್ ಅವನ ಮುಂದೆ ಕೈ ಚಾಚುತ್ತಾನೆ, ಚುಂಬಿಸಲೆಂದು. ಗೆಳೆಯನು ಮಂಡಿಯೂರಬೇಕಾಗುತ್ತದೆ. ಒಂದು ಮಾತಿಲ್ಲದೆ ಸ್ನೇಹ ಮುಗಿದು ಆಳ್ವಿಕೆ ಮೊದಲಾಯಿತು. ಅಲ್ಲಿಂದ ಮುಂದೆ ಅವನು ನಮ್ಮ ಕಡೆಗೆ ತಿರುಗುವುದೂ ಕಡಮೆ. ಬಕಿಂಗ್‌ಹ್ಯಾಮನಂತೆ ನಮ್ಮನ್ನೂ ಹೊರಗಿಟ್ಟನು. ಹೆನ್ರಿಯ ಚಿತ್ರದಲ್ಲಿ ಕಳೆದುಹೋದ ಲೆಕ್ಕ ಇಲ್ಲಿ ತೀರುತ್ತದೆ. ದೊಡ್ಡ ದನಿಗೆ ಮರುಳಾದವರ ಗತಿ ಏನು ಎಂಬುದನ್ನು, ನಮ್ಮನ್ನು ಮರುಳುಮಾಡಿಯೇ ಅವನು ತೋರಿಸಿಕೊಟ್ಟನು.

ದೋಷಗಳಿಲ್ಲವೆಂದಲ್ಲ. ಶಾಪ ಹಾಕುತ್ತ ತಿರುಗುವ ಮಾರ್ಗರೆಟ್ ರಾಣಿಯನ್ನು ಕೈಬಿಟ್ಟದ್ದು ದೊಡ್ಡ ನಷ್ಟ. ಸ್ಪೇನಿನಲ್ಲಿ ಚಿತ್ರಿಸಿದ ಕೊನೆಯ ಯುದ್ಧಕ್ಕೆ ಇಂಗ್ಲೆಂಡಿನ ನೆಲದ ಬಣ್ಣವಿಲ್ಲ. 1956ರ ಮಾರ್ಚ್ 11ರಂದು ಅಮೆರಿಕದಲ್ಲಿ ಚಿತ್ರಮಂದಿರಕ್ಕೆ ಬಂದ ದಿನವೇ ಇದನ್ನು ದೂರದರ್ಶನದಲ್ಲಿಯೂ ತೋರಿಸಿದರು. ಹಣ ಕೈಹತ್ತಲಿಲ್ಲ. ಮುಂದೆ ‘ಮ್ಯಾಕ್‌ಬೆತ್’ ಮಾಡಬೇಕೆಂದಿದ್ದ ಅವನ ಆಸೆ ಬಂಡವಾಳವಿಲ್ಲದೆ ಆಸೆಯಾಗಿಯೇ ಉಳಿಯಿತು.

ಈಗ ನಾನು ತರಗತಿಯಲ್ಲಿ ‘ಹೆನ್ರಿ’ಯನ್ನು ಬಿಟ್ಟಿಲ್ಲ. ಮೊದಲು ನಾಟಕವನ್ನು ಓದಿಸಿ, ಆಮೇಲೆ ಚಿತ್ರವನ್ನು ತೋರಿಸಿ, ಬಿಟ್ಟುಹೋದ ಸಾಲುಗಳಿಗೆ ಗುರುತು ಹಾಕಿರೆಂದು ಹೇಳುತ್ತೇನೆ. ಅದು ಮುಗಿದ ಮರುವಾರ ‘ರಿಚರ್ಡ್’. ಅವನು ಮೊದಲ ಬಾರಿ ನಮ್ಮತ್ತ ತಿರುಗಿದಾಗ ತರಗತಿ ನಗುತ್ತದೆ. ಆ ಕೈ ಮುಂದೆ ಚಾಚಿದಾಗ ಸದ್ದಡಗುತ್ತದೆ.